ರೀತಿಯೋ, ದರ್ಪವೋ? ಕಾಞಂಗಾಡಿನ ಕಚೇರಿಯಿಂದ ಬಂದ ಪತ್ರಕ್ಕೆ ಉತ್ತರ

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದವಳು. ಮನೆಮಾತು ಹವ್ಯಕ ಕನ್ನಡ, ಹತ್ತನೆಯ ತರಗತಿಯವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮಲಯಾಳ ಮಾತನಾಡಬಲ್ಲೆ, ಓದುವುದು ನಿಧಾನ. ಎಂಟು ತಿಂಗಳ ಹಿಂದೆ ಕಾಞಂಗಾಡಿನ ಒಂದು ಹಣಕಾಸು ಸಂಸ್ಥೆಯ ಶಾಖೆಗೆ ಸಹಾಯಕ ಮ್ಯಾನೇಜರ್ ಆಗಿ ಸೇರಿದೆ. ಸಿಬ್ಬಂದಿ ಹದಿನಾಲ್ಕು ಜನ, ಹೆಂಗಸರು ನಾಲ್ವರು. ಮೀಟಿಂಗಿನಲ್ಲಿ ಎಲ್ಲರೂ ವೇಗವಾಗಿ ಮಲಯಾಳ ಮಾತನಾಡುತ್ತಾರೆ. ನಿಜವಾದ ತೀರ್ಮಾನಗಳು ಸಂಜೆ ಗಂಡಸರು ಸೇರುವ ಚಹಾದಂಗಡಿಯಲ್ಲಿ ಆಗುತ್ತವೆ, ಆ ಹೊತ್ತಿಗೆ ನಾನು ರೈಲು ನಿಲ್ದಾಣದಲ್ಲಿರುತ್ತೇನೆ. ನನ್ನ ಕೈಕೆಳಗಿನ ಹಿರಿಯ ಗುಮಾಸ್ತರು ಗ್ರಾಹಕರ ಎದುರೇ ನನ್ನನ್ನು ‘ಮೋಳೇ’ (ಮಗಳೇ) ಎನ್ನುತ್ತಾರೆ. ಲೆಕ್ಕಪತ್ರ ನೋಡುವ ಹಿರಿಯ ಮುಸ್ಲಿಂ ಸಹೋದ್ಯೋಗಿ ಮೊದಲ ದಿನವೇ ನಾನು ಚಾಚಿದ ಕೈಯನ್ನು ಹಿಡಿಯಲಿಲ್ಲ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ವಸೂಲಿ ವಿಭಾಗದ ಇನ್ನೊಬ್ಬರು ನನ್ನ ಸೀರೆಯ ಬಗ್ಗೆ ಮಾತನಾಡುತ್ತಾರೆ, ರಾತ್ರಿ ಹನ್ನೊಂದರ ಮೇಲೆ ವಾಟ್ಸಾಪ್ ಸಂದೇಶ ಕಳುಹಿಸುತ್ತಾರೆ. ಬೇಡವೆಂದರೂ ನಿಲ್ಲಿಸಿಲ್ಲ. ಒಮ್ಮೆ ಅವರು ಹಾಗೆ ಮಾತನಾಡಿದಾಗ ಆ ಲೆಕ್ಕಪತ್ರದ ಹಿರಿಯರು ಮಲಯಾಳದಲ್ಲಿ ಏನೋ ಗದರಿ ಎದ್ದುಹೋದರು. ಮ್ಯಾನೇಜರರಿಗೆ ಹೇಳಿದರೆ ‘ಇಲ್ಲಿನ ರೀತಿಯೇ ಹಾಗೆ, ನೀವು ಹೊಂದಿಕೊಳ್ಳಬೇಕು’ ಎಂಬ ಉತ್ತರ ಸಿಕ್ಕಿತು. ಅವರೆಲ್ಲರಿಗೂ ಕನ್ನಡಿಗರೆಂದರೆ ಸಸಾರ. ನಾನು ಬದಲಾಗಬೇಕೇ, ದೂರು ಕೊಡಬೇಕೇ, ಕೆಲಸ ಬಿಡಬೇಕೇ?

ಉತ್ತರ: ಕೆಲಸ ಬಿಡಬೇಡಿ. ಉಳಿದೆರಡು ಪ್ರಶ್ನೆಗಳಿಗೆ ಒಂದೇ ಉತ್ತರವಿಲ್ಲ, ಏಕೆಂದರೆ ನೀವು ಒಂದೇ ಉಸಿರಿನಲ್ಲಿ ಬರೆದಿರುವ ಸಂಗತಿಗಳು ಒಂದೇ ಜಾತಿಯವಲ್ಲ. ಕೈ ಹಿಡಿಯದ ಹಿರಿಯರನ್ನೂ ರಾತ್ರಿ ಸಂದೇಶ ಕಳುಹಿಸುವ ಮನುಷ್ಯನನ್ನೂ ನೀವು ಒಂದೇ ಗೋಣಿಗೆ ತುಂಬಿದ್ದೀರಿ. ನಿಮ್ಮ ಮ್ಯಾನೇಜರ್ ಮಾಡಿರುವುದೂ ಅದನ್ನೇ. ನೀವು ಎಲ್ಲವನ್ನೂ ಅವಮಾನ ಎನ್ನುತ್ತಿದ್ದೀರಿ, ಅವರು ಎಲ್ಲವನ್ನೂ ರೀತಿ ಎನ್ನುತ್ತಿದ್ದಾರೆ. ಆ ಗೋಣಿಯನ್ನು ಬಿಚ್ಚಿ ಒಂದೊಂದನ್ನೇ ಹೊರಗೆ ತೆಗೆದು ನೋಡೋಣ.

ಮಂಗಳೂರಿನಿಂದ ಕಣ್ಣೂರಿನವರೆಗಿನ ಕಚೇರಿಗಳ ಸಿಬ್ಬಂದಿ ವಿಭಾಗಗಳಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ಮೇಲೆ ನಾನು ನೆಚ್ಚಿಕೊಂಡಿರುವುದು ಎರಡು ಪ್ರಶ್ನೆಗಳನ್ನು. ನಿಮ್ಮ ಕುರ್ಚಿಯಲ್ಲಿ ಕನ್ನಡಿಗ ಗಂಡಸೊಬ್ಬ ಕುಳಿತಿದ್ದರೆ ಹೀಗೆ ನಡೆಯುತ್ತಿತ್ತೇ? ಅದೇ ಕುರ್ಚಿಯಲ್ಲಿ ಮಲಯಾಳಿ ಹೆಂಗಸೊಬ್ಬಳು ಕುಳಿತಿದ್ದರೆ? ಮೊದಲನೆಯದಕ್ಕೆ ‘ಇಲ್ಲ’ ಎಂದೂ ಎರಡನೆಯದಕ್ಕೆ ‘ಹೌದು’ ಎಂದೂ ಉತ್ತರ ಬಂದರೆ ಭಾಷೆಗೂ ಅದಕ್ಕೂ ಸಂಬಂಧವಿಲ್ಲ, ನೀವು ಹೆಣ್ಣು ಎಂಬುದೇ ಕಾರಣ. ಉತ್ತರಗಳು ಅದಲುಬದಲಾದರೆ ತೊಡಕು ಭಾಷೆಯದು. ನೀವು ಬರೆದಿರುವುದಕ್ಕೆಲ್ಲ ಈ ಪ್ರಶ್ನೆಗಳನ್ನು ಹಾಕಿ ನೋಡಿ. ಚಹಾದಂಗಡಿಗೆ ಮಲಯಾಳಿ ಹೆಂಗಸೂ ಹೋಗುತ್ತಿರಲಿಲ್ಲ. ‘ಮೋಳೇ’ ಎಂದು ಅವಳನ್ನೂ ಕರೆಯುತ್ತಿದ್ದರು. ಸೀರೆಯ ಮಾತನ್ನು ಅವಳೂ ಕೇಳಿಸಿಕೊಳ್ಳುತ್ತಿದ್ದಳು, ಬಹುಶಃ ನಿಮ್ಮ ಶಾಖೆಯ ಉಳಿದ ಮೂವರು ಈಗಾಗಲೇ ಕೇಳಿಸಿಕೊಂಡಿರಬಹುದು. ಅವರನ್ನು ವಿಚಾರಿಸಿದ್ದೀರಾ? ಪತ್ರದಲ್ಲಿ ಆ ಮೂವರ ಬಗ್ಗೆ ಒಂದು ಸಾಲೂ ಇಲ್ಲ. ಕನ್ನಡಿಗರೆಂಬ ಸಸಾರ ಎಂದು ನೀವು ತಿಳಿದುಕೊಂಡದ್ದರಲ್ಲಿ ಹೆಚ್ಚಿನ ಪಾಲು ಹೆಂಗಸರೆಂಬ ಸಸಾರ. ಹಾಗಿದ್ದರೆ ಆ ಮೂವರು ನಿಮ್ಮ ಕಡೆಯವರು.

ಕಾಸರಗೋಡಿನಲ್ಲಿ ಹುಟ್ಟಿದ ಕನ್ನಡಿಗರಿಗೆ ಇದು ಬೇಗ ಹೊಳೆಯುವುದಿಲ್ಲ. 1956ರ ನವೆಂಬರ್ 1ರಂದು ತಾಲೂಕು ಕೇರಳಕ್ಕೆ ಸೇರಿದ್ದು, 1967ರಲ್ಲಿ ಗಡಿ ವಿವಾದವನ್ನು ಪರಿಶೀಲಿಸಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ವರದಿ ಕೊಟ್ಟದ್ದು, ಆ ವರದಿ ಜಾರಿಯಾಗದೆ ಉಳಿದದ್ದು, ಇವೆಲ್ಲ ನಮ್ಮ ಮನೆಗಳಲ್ಲಿ ಊಟದ ಹೊತ್ತಿಗೆ ಕೇಳಿಬರುವ ಮಾತುಗಳು. ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರು ಬಂದಾಗ ತಾಯಂದಿರು ಗೇಟಿನ ಮುಂದೆ ಕುಳಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಈ ನೋವು ನಿಜವಾದದ್ದು. ಆದರೆ ಅದನ್ನು ಹೊತ್ತುಕೊಂಡೇ ಕಚೇರಿಯ ಬಾಗಿಲು ದಾಟಿದರೆ ಎದುರಿಗೆ ಕುಳಿತ ಒಬ್ಬೊಬ್ಬ ಮನುಷ್ಯನೂ ಒಂದು ಇಡೀ ರಾಜ್ಯದ ಪ್ರತಿನಿಧಿಯಂತೆ ಕಾಣತೊಡಗುತ್ತಾನೆ. ನಿಮ್ಮ ಪತ್ರದ ‘ಅವರೆಲ್ಲರಿಗೂ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ.

ಮಾತಿನ ವ್ಯತ್ಯಾಸವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಗಡಿಯ ಕಚೇರಿಗಳಲ್ಲಿ ಮನಸ್ಸು ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಕನ್ನಡದ ಕ್ರಿಯಾಪದ ಗೌರವವನ್ನು ಬಾಲದಲ್ಲಿ ಹೊತ್ತಿರುತ್ತದೆ: ಬಂದನು, ಬಂದಳು, ಬಂದರು. ಮಲಯಾಳದಲ್ಲಿ ಆ ಬಾಲವೇ ಇಲ್ಲ. ಅವನ್, ಅವಳ್, ಅವರ್, ಯಾರೇ ಆದರೂ ‘ವನ್ನು’. ಹಾಗಾಗಿ ಮಲಯಾಳಿಯೊಬ್ಬರು ಕಷ್ಟಪಟ್ಟು ಕನ್ನಡ ಕಲಿತು ‘ಮೇಡಂ ಬಂದ’ ಎಂದರೆ ಅದರಲ್ಲಿ ಅಗೌರವ ಹುಡುಕಬಾರದು. ಅವರ ಕಿವಿಗೆ ಆ ಬಾಲ ಕೇಳಿಸುವುದೇ ಇಲ್ಲ. ನಿಮ್ಮ ಮನೆಯ ಮಾತನ್ನೇ ತೆಗೆದುಕೊಳ್ಳಿ. ಹವ್ಯಕ ಕನ್ನಡದಲ್ಲಿ ‘ಅಕ್ಕ ಬಂತು’, ‘ಅತ್ತೆ ಹೇಳಿತ್ತು’ ಎನ್ನುತ್ತಾರೆ. ಮೈಸೂರಿನಿಂದ ಬಂದಿದ್ದ ಅಧಿಕಾರಿಣಿಯೊಬ್ಬರು ಇದನ್ನು ಕೇಳಿ, ಹೆಂಗಸರನ್ನು ವಸ್ತುವಿನಂತೆ ಮಾತನಾಡಿಸುತ್ತಾರಲ್ಲ ಎಂದು ನನ್ನ ಬಳಿ ಬೇಸರಪಟ್ಟಿದ್ದರು. ಆ ಮಾತಿನೊಳಗೆ ಎಷ್ಟು ಅಕ್ಕರೆ ಇದೆ ಎಂಬುದು ಅದರಲ್ಲೇ ಬೆಳೆದ ನಿಮಗೆ ಗೊತ್ತು.

‘ನೀವು’ ಎಂಬುದರಲ್ಲೂ ಇಂಥದೇ ಒಂದು ಎಡವು ಇದೆ. ನಮ್ಮಲ್ಲಿ ಅದು ಪೂರ್ಣ ಗೌರವದ ಮಾತು. ಅದನ್ನು ನೇರವಾಗಿ ‘ನಿಂಗಳ್’ ಎಂದು ಮಾಡಿಕೊಂಡರೆ ಉತ್ತರ ಮಲಬಾರಿನಲ್ಲಿ ಯಾರಿಗೂ ಬೇಸರವಿಲ್ಲ, ಆದರೆ ತಿರುವನಂತಪುರದ ಕಡೆಯ ಮೇಲಧಿಕಾರಿಗೆ ಅದು ಎದುರು ನಿಂತು ವಾದಿಸಿದಂತೆ ಕೇಳಬಹುದು. ಅಲ್ಲಿಯವರು ‘ಸಾರ್’, ‘ಮೇಡಂ’ ಎಂದು ಹೇಳಿ ಸರ್ವನಾಮವನ್ನೇ ತಪ್ಪಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಬ್ಬ ಹಿರಿಯ ಅಧಿಕಾರಿಯನ್ನು ‘ನಿಂಗಳ್’ ಎಂದು ಕರೆದು, ಅವರ ಮುಖ ಬಿಗಿಯಾದದ್ದಕ್ಕೆ ಕಾರಣ ತಿಳಿಯದೆ ತಿಂಗಳುಗಟ್ಟಲೆ ಅವರನ್ನು ಗರ್ವಿಷ್ಠರೆಂದುಕೊಂಡಿದ್ದೆ. ಇನ್ನು ‘ಸಂಸಾರಿಕ್ಕಣಂ’ ಎಂಬ ಪದ. ಮಲಯಾಳದಲ್ಲಿ ಅದಕ್ಕೆ ‘ಮಾತನಾಡಬೇಕು’ ಎಂದಷ್ಟೇ ಅರ್ಥ. ಪುತ್ತೂರಿನಿಂದ ಬಂದಿದ್ದ ಹೊಸ ಹುಡುಗಿಯೊಬ್ಬಳು ಮ್ಯಾನೇಜರರ ಬಾಯಲ್ಲಿ ಅದನ್ನು ಕೇಳಿ ಬಿಳಿಚಿಕೊಂಡು ನನ್ನ ಮೇಜಿನ ಬಳಿ ಬಂದು ನಿಂತಿದ್ದಳು. ಕೈಯಲ್ಲಿದ್ದ ಕಡತ ನಡುಗುತ್ತಿತ್ತು. ಅರ್ಥ ಹೇಳಿದ ಮೇಲೆ ಅವಳು ಅತ್ತದ್ದು ನನಗೆ ಇನ್ನೂ ನೆನಪಿದೆ. ಇಂಥ ಕಡೆ ತಪ್ಪು ಯಾರದ್ದೂ ಅಲ್ಲ. ಕೇಳಿ ತಿಳಿದುಕೊಂಡರೆ ಮುಗಿಯಿತು.

ಕೈ ಹಿಡಿಯದ ಹಿರಿಯರೂ ಈ ಸಾಲಿಗೇ ಸೇರುತ್ತಾರೆ. ಪರಸ್ತ್ರೀಯ ಕೈ ಮುಟ್ಟದಿರುವುದು ಅವರ ಧರ್ಮಶ್ರದ್ಧೆ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ್ದು ನಿಮಗೆ ಸಲ್ಲಬೇಕಾದ ಗೌರವವನ್ನು ಇನ್ನೊಂದು ದಾರಿಯಲ್ಲಿ ಸಲ್ಲಿಸಿದ್ದು. ನಮ್ಮ ಹಿಂದೂ ಮನೆಗಳ ಎಷ್ಟೋ ಹಿರಿಯರು ಕೈ ಕುಲುಕುವುದಿಲ್ಲ, ನಮಸ್ಕಾರ ಎನ್ನುತ್ತಾರೆ. ಅದು ನಮಗೆ ಅವಮಾನವೆನಿಸುವುದಿಲ್ಲ, ಕಾರಣ ಅದು ನಮಗೆ ಪರಿಚಿತ. ಇಲ್ಲಿ ನೋಡಬೇಕಾದದ್ದು ಕೈಯನ್ನಲ್ಲ, ಕಡತವನ್ನು. ನಿಮ್ಮ ಸಹಿ ಬೇಕಾದ ಕಾಗದ ನಿಮ್ಮ ಮೇಜಿಗೆ ಬರುತ್ತದೆಯೇ? ನಿಮ್ಮ ತೀರ್ಮಾನವನ್ನು ಅವರು ಪಾಲಿಸುತ್ತಾರೆಯೇ? ಮುಖ ನೋಡಿ ಉತ್ತರ ಕೊಡುತ್ತಾರೆಯೇ? ಇವು ಸರಿಯಾಗಿದ್ದರೆ ಆ ಮನುಷ್ಯ ನಿಮ್ಮನ್ನು ಅಧಿಕಾರಿಯಾಗಿ ಒಪ್ಪಿದ್ದಾನೆ. ನಾಳೆಯಿಂದ ನೀವೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿ, ಅಥವಾ ನಮಸ್ಕಾರ ಹೇಳಿ.

‘ಮೋಳೇ’ ಎಂಬುದು ಇನ್ನೊಂದು ಬಗೆ. ಮಗಳೇ ಎಂಬ ಅರ್ಥದ ಈ ಮಾತಿನಲ್ಲಿ ಮುದ್ದು ಇದೆ, ಒಪ್ಪುತ್ತೇನೆ. ನಮ್ಮ ಕಡೆ ಏಟ್ಟನ್, ಏಚ್ಚಿ, ಇಕ್ಕ, ಇತ್ತ, ಅಣ್ಣ, ಅಕ್ಕ ಎನ್ನದೆ ಒಂದು ಕಚೇರಿಯ ದಿನ ಮುಗಿಯುವುದಿಲ್ಲ, ಆ ಬಂಧುತ್ವದ ಮಾತುಗಳನ್ನು ಕಿತ್ತುಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಅಕ್ಕ ಎಂಬ ಪದ ನಿಮ್ಮನ್ನು ಮೇಲಕ್ಕೆ ಕೂರಿಸುತ್ತದೆ, ಮಗಳು ಎಂಬುದು ಕೆಳಕ್ಕೆ. ಸಾಲ ಮಂಜೂರು ಮಾಡುವ ಅಧಿಕಾರಿಯನ್ನು ಗ್ರಾಹಕರ ಮುಂದೆ ಮಗಳೇ ಎಂದು ಕರೆದ ಕೂಡಲೇ, ಅಂತಿಮ ಮಾತು ಕರೆದವರದ್ದು ಎಂದು ಗ್ರಾಹಕ ತಿಳಿಯುತ್ತಾನೆ. ನಿಮ್ಮ ಜಾಗದಲ್ಲಿ ಅದೇ ವಯಸ್ಸಿನ ಗಂಡಸಿದ್ದರೆ ಅವನನ್ನು ‘ಸಾರ್’ ಎನ್ನುತ್ತಿದ್ದರು. ಅವರನ್ನು ಒಬ್ಬರೇ ಇದ್ದಾಗ ಕರೆದು ಮಲಯಾಳದಲ್ಲೇ ಹೇಳಿ: ‘ಇವಿಡೆ ಎನ್ನೆ ಪೇರ್ ವಿಳಿಚ್ಚಾಲ್ ಮತಿ.’ ಇಲ್ಲಿ ನನ್ನನ್ನು ಹೆಸರು ಹಿಡಿದು ಕರೆದರೆ ಸಾಕು. ಎರಡನೆಯ ಸಲ ಹೇಳಬೇಕಾಗಿ ಬಂದರೆ ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ. ವಯಸ್ಸಿನಲ್ಲಿ ಹಿರಿಯರನ್ನು ನೀವು ಏಕವಚನದಲ್ಲಿ ಕರೆದು ಸೇಡು ತೀರಿಸಿಕೊಳ್ಳುವುದು ಬೇಡ. ಸಂಬೋಧನೆಯ ಬಗ್ಗೆ ಕೇರಳದಲ್ಲೇ ಚರ್ಚೆ ನಡೆದಿದೆ. 2021ರಲ್ಲಿ ಪಾಲಕ್ಕಾಡು ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯತ್ ತನ್ನ ಕಚೇರಿಯಲ್ಲಿ ‘ಸಾರ್’, ‘ಮೇಡಂ’ ಎರಡನ್ನೂ ಕೈಬಿಟ್ಟಿತು. ಹೇಗೆ ಕರೆಯಬೇಕು ಎಂದು ಕೇಳಿಕೊಳ್ಳುವುದು ಅಲ್ಲಿನ ಜನರಿಗೆ ಹೊಸದೇನೂ ಅಲ್ಲ.

ಮೀಟಿಂಗಿನ ವಿಷಯಕ್ಕೆ ಬರುತ್ತೇನೆ. ಹಲವು ವರ್ಷಗಳ ಹಿಂದೆ ಒಂದು ಸಹಕಾರಿ ಸಂಸ್ಥೆಯ ಮಾಸಿಕ ಸಭೆಗೆ ನನ್ನನ್ನು ಕರೆದಿದ್ದರು. ವಸೂಲಿಯ ಚರ್ಚೆ ನಡೆಯುತ್ತಿದ್ದಾಗ ಚಹಾ ಬಂತು. ಸ್ಟೀಲಿನ ತಟ್ಟೆಯಲ್ಲಿ ಹದಿನೆಂಟು ಲೋಟ. ಯಾರೂ ಹೇಳಲಿಲ್ಲ, ಆದರೂ ಠೇವಣಿ ವಿಭಾಗದ ಮುಖ್ಯಸ್ಥೆ ತನ್ನ ರಿಜಿಸ್ಟರನ್ನು ತೆರೆದೇ ಇಟ್ಟು ಎದ್ದರು, ಒಬ್ಬೊಬ್ಬರಿಗೂ ಲೋಟ ಕೊಡುತ್ತಾ ಹೋದರು. ಸಕ್ಕರೆ ಬೇಡದವರು ಇಬ್ಬರಿದ್ದರು, ಅವರಿಗೆ ಬೇರೆ ತರಿಸಿದರು. ಮೂರನೆಯ ಸಾಲು ಮುಗಿಸಿ ಕುಳಿತುಕೊಳ್ಳುವಷ್ಟರಲ್ಲಿ ಅವರದೇ ವಿಭಾಗದ ಬಡ್ಡಿಯ ವಿಷಯ ತೀರ್ಮಾನವಾಗಿ ಹೋಗಿತ್ತು. ನಡಾವಳಿಯಲ್ಲಿ ‘ಹಾಜರಿದ್ದರು’ ಎಂದು ಅವರ ಹೆಸರಿತ್ತು, ಅವರ ಒಂದು ಮಾತೂ ಇರಲಿಲ್ಲ. ಆ ಕೋಣೆಯಲ್ಲಿದ್ದ ಯಾರೂ ಕೆಟ್ಟವರಲ್ಲ. ಚಹಾ ಕೊಟ್ಟದ್ದಕ್ಕೆ ಎಲ್ಲರೂ ಕೃತಜ್ಞತೆಯಿಂದ ನಕ್ಕಿದ್ದರು. ಮುಂದಿನ ತಿಂಗಳಿನಿಂದ ಚಹಾ ಸಭೆಗೆ ಮೊದಲೇ, ಹೊರಗಿನ ಮೇಜಿನ ಮೇಲೆ, ಬೇಕಾದವರು ತೆಗೆದುಕೊಳ್ಳುವಂತೆ ಎಂದು ಮಾಡಿಸಿದೆವು. ಅಷ್ಟೇ ಬದಲಾವಣೆ. ಆ ಮಹಿಳೆಯ ಮಾತು ನಡಾವಳಿಗೆ ಬರತೊಡಗಿತು.

ನಿಮ್ಮ ಚಹಾದಂಗಡಿಗೂ ಇಂಥದೇ ಒಂದು ಸಣ್ಣ ಏರ್ಪಾಡು ಬೇಕು. ಅಲ್ಲಿಗೆ ನೀವೂ ಹೋಗಿ ಕುಳಿತುಕೊಳ್ಳಿ ಎಂದು ಕೆಲವರು ಸಲಹೆ ಕೊಡುತ್ತಾರೆ. ರೈಲು ತಪ್ಪಿದರೆ ಕಾಸರಗೋಡಿನಿಂದ ಬದಿಯಡ್ಕದ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂದು ಅವರು ಯೋಚಿಸಿದಂತಿಲ್ಲ. ಗಂಡಸರ ಹರಟೆಯನ್ನು ನಿಲ್ಲಿಸುವುದೂ ನಿಮ್ಮ ಕೆಲಸವಲ್ಲ. ಹರಟೆಗೆ ತೀರ್ಮಾನದ ಬಲ ಬಾರದಂತೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ. ಮರುದಿನ ಯಾರಾದರೂ ‘ನಿನ್ನೆ ಮಾತಾಯಿತಲ್ಲ’ ಎಂದರೆ, ‘ಅದ್ ನಮುಕ್ಕ್ ಮೀಟಿಂಗಿಲ್ ತೀರುಮಾನಿಕ್ಕಾಂ’ ಎನ್ನಿ, ಅದನ್ನು ನಾವು ಮೀಟಿಂಗಿನಲ್ಲಿ ತೀರ್ಮಾನಿಸೋಣ. ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ಹತ್ತು ನಿಮಿಷದ ಸಭೆ, ಹಿಂದಿನ ದಿನವೇ ವಿಷಯಸೂಚಿ, ಕೊನೆಯಲ್ಲಿ ಯಾರು ಯಾವ ದಿನಾಂಕದೊಳಗೆ ಏನು ಮಾಡಬೇಕು ಎಂಬ ಮೂರು ಸಾಲಿನ ನಡಾವಳಿ. ಸಹಾಯಕ ಮ್ಯಾನೇಜರ್ ಆಗಿ ಇದನ್ನು ಜಾರಿಗೆ ತರುವ ಅಧಿಕಾರ ನಿಮಗಿದೆ. ನಡಾವಳಿಯನ್ನು ನೀವೇ ಬರೆಯಿರಿ. ಬರೆಯುವವರ ಕೈಯಲ್ಲಿರುವ ಬಲವನ್ನು ನಾವು ಹೆಂಗಸರು ಸಾಮಾನ್ಯವಾಗಿ ಕಡಿಮೆ ಅಂದಾಜು ಮಾಡುತ್ತೇವೆ.

ಮಲಯಾಳ ಓದುವುದನ್ನು ಕಲಿಯಿರಿ. ಈ ಮಾತು ನಿಮಗೆ ಚುಚ್ಚಬಹುದು, ಆದರೂ ಹೇಳುತ್ತೇನೆ. ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ ಆಡಳಿತ ಭಾಷಾ ಕಾನೂನೇ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ಕೊಟ್ಟಿದೆ, ಯಾವುದೇ ಅಹವಾಲನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಭಾಷೆಯಲ್ಲಿ ಸಲ್ಲಿಸಬಹುದೆಂದು ಸಂವಿಧಾನದ 350ನೆಯ ವಿಧಿ ಹೇಳುತ್ತದೆ. ಆ ಹಕ್ಕುಗಳನ್ನು ಬಿಟ್ಟುಕೊಡಬೇಡಿ. ಆದರೆ ಅವು ಖಾಸಗಿ ಸಂಸ್ಥೆಯ ಮೀಟಿಂಗಿನೊಳಕ್ಕೆ ಬಂದು ನಿಮ್ಮ ಕೈ ಹಿಡಿಯುವುದಿಲ್ಲ. ಸುತ್ತೋಲೆಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ಅಧಿಕಾರಿ ಆ ಇನ್ನೊಬ್ಬರ ಹಂಗಿನಲ್ಲಿರುತ್ತಾಳೆ. ಅಕ್ಷರಮಾಲೆಯ ಅನುಕ್ರಮ ನಮ್ಮದೇ. ನಮ್ಮಲ್ಲಿ ಬಳಕೆ ತಪ್ಪಿಹೋದ ಹಳಗನ್ನಡದ ಱ, ೞ ಎರಡೂ ಅಲ್ಲಿ ಇನ್ನೂ ಜೀವಂತವಾಗಿವೆ. ದಿನಕ್ಕೆ ಒಂದು ಸುತ್ತೋಲೆಯಂತೆ ಓದುತ್ತಾ ಹೋದರೆ ಮಳೆಗಾಲ ಮುಗಿಯುವುದರೊಳಗೆ ಕಣ್ಣು ಒಗ್ಗುತ್ತದೆ. ಅಲ್ಲಿಯವರೆಗೆ ಮೀಟಿಂಗಿನಲ್ಲಿ ಅರ್ಥವಾಗದಾಗ ನಿಲ್ಲಿಸಿ ಕೇಳಿ. ಅಧಿಕಾರಿ ಪ್ರಶ್ನೆ ಕೇಳುವುದು ದೌರ್ಬಲ್ಯವಲ್ಲ, ಅರ್ಥವಾಗದ ಕಾಗದಕ್ಕೆ ಸಹಿ ಹಾಕುವುದು ಅಪಾಯ.

ನಿಮ್ಮ ಕನ್ನಡ, ತುಳುಗಳಿಗೂ ಅಲ್ಲಿ ಬೆಲೆ ಇದೆ. ಕುಂಬಳೆ, ಮಂಜೇಶ್ವರದ ಕಡೆಯ ಗ್ರಾಹಕ ಬಂದಾಗ ಸಾಲದ ಷರತ್ತನ್ನು ಅವನ ಮಾತಿನಲ್ಲಿ ಹೇಳಬಲ್ಲವರು ನೀವು. ಆದರೆ ಎಚ್ಚರ. ತುಳು ಮಾತನಾಡುವವರು ಬಂದಾಗಲೆಲ್ಲ ನಿಮ್ಮ ಕೆಲಸ ಬಿಡಿಸಿ ಕೌಂಟರಿಗೆ ಕರೆಯತೊಡಗಿದರೆ ಅದೂ ಚಹಾದ ತಟ್ಟೆಯೇ. ಆ ಸೇವೆಯನ್ನು ನಿಮ್ಮ ವಾರ್ಷಿಕ ಮೌಲ್ಯಮಾಪನದಲ್ಲಿ ಬರೆಸಿಕೊಳ್ಳಿ, ಇಲ್ಲವೇ ಸಮಯ ಗೊತ್ತುಮಾಡಿ.

ಇನ್ನು ರಾತ್ರಿಯ ಸಂದೇಶ. ಇದನ್ನು ನಾನು ಯಾವ ರೀತಿಯ ಲೆಕ್ಕಕ್ಕೂ ಸೇರಿಸುವುದಿಲ್ಲ. ಯಾವ ಭಾಷೆಯ, ಯಾವ ಧರ್ಮದ ರೀತಿಯೂ ಇದನ್ನು ಹೇಳಿಕೊಟ್ಟಿಲ್ಲ. ‘ಇಲ್ಲಿನ ರೀತಿಯೇ ಹಾಗೆ’ ಎಂದು ಹೇಳಿದ ಮ್ಯಾನೇಜರ್ ಮೊದಲು ಅವಮಾನಿಸಿದ್ದು ತನ್ನ ಊರನ್ನೇ. ಕೇರಳದ ಜವಳಿ ಅಂಗಡಿಗಳಲ್ಲಿ ಸೇಲ್ಸ್ ಕೆಲಸದ ಹೆಂಗಸರು ದಿನವಿಡೀ ನಿಂತೇ ಇರಬೇಕು ಎಂಬುದೂ ಒಂದು ಕಾಲಕ್ಕೆ ಅಲ್ಲಿನ ರೀತಿಯೇ ಆಗಿತ್ತು. ಕೋಯಿಕ್ಕೋಡಿನ ಮಹಿಳೆಯರು ಕುಳಿತುಕೊಳ್ಳುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿದರು, 2018ರಲ್ಲಿ ಸರ್ಕಾರ ಅಂಗಡಿಗಳ ಕಾನೂನನ್ನು ತಿದ್ದಿ ಆಸನ ಕಡ್ಡಾಯ ಮಾಡಿತು. ಆ ರೀತಿಯನ್ನು ಮುರಿದವರು ಮಲಯಾಳಿ ಹೆಂಗಸರು. ‘ಅವರೆಲ್ಲರಿಗೂ’ ಎಂದು ಬರೆಯುವಾಗ ಇವರನ್ನೂ ನೆನಪಿಟ್ಟುಕೊಳ್ಳಿ.

ವಿಶಾಖಾ ಪ್ರಕರಣದಲ್ಲಿ 1997ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ನಿರ್ದೇಶನಗಳ ಬುನಾದಿಯ ಮೇಲೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲೆ ನಡೆಯುವ ಲೈಂಗಿಕ ಕಿರುಕುಳವನ್ನು ತಡೆಯುವ ಕಾಯ್ದೆ 2013ರಲ್ಲಿ ಬಂತು. ಲೈಂಗಿಕ ಛಾಯೆಯ ಮಾತು, ಬೇಡವೆಂದರೂ ಮುಂದುವರಿಯುವ ಅಂಥ ನಡವಳಿಕೆ ಅದರ ವ್ಯಾಪ್ತಿಯಲ್ಲಿದೆ, ಬಾಯಿಮಾತಾಗಲಿ ಬರಹವಾಗಲಿ. ಹೇಳಿದವರ ಉದ್ದೇಶಕ್ಕಿಂತ ಕೇಳಿಸಿಕೊಂಡವಳಿಗೆ ಅದು ಬೇಡವಾಗಿತ್ತು ಎಂಬುದು ಇಲ್ಲಿ ಮುಖ್ಯ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಕಡೆಯೂ ಆಂತರಿಕ ಸಮಿತಿ ಇರಲೇಬೇಕು. ನಿಮ್ಮಲ್ಲಿ ಹದಿನಾಲ್ಕು ಜನ ಇದ್ದೀರಿ. ಹಿರಿಯ ಮಹಿಳಾ ಉದ್ಯೋಗಿ ಅದರ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಒಬ್ಬರು ಸಂಸ್ಥೆಯ ಹೊರಗಿನವರು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿಯವರೆಗೆ ದಂಡವಿದೆ. ಸಮಿತಿಯೇ ಇಲ್ಲವಾದರೆ, ಅಥವಾ ದೂರು ಮಾಲೀಕರ ಮೇಲೆಯೇ ಆದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗಬಹುದು.

ದೂರು ಬರಹದಲ್ಲಿರಬೇಕು, ಆರು ಪ್ರತಿ ಬೇಕು, ಜೊತೆಗೆ ದಾಖಲೆಗಳು ಮತ್ತು ಸಾಕ್ಷಿಗಳ ಹೆಸರು. ಬರೆಯಲು ಕಷ್ಟವಾದರೆ ನೆರವಾಗುವುದು ಸಮಿತಿಯ ಕರ್ತವ್ಯ. ಕನ್ನಡದಲ್ಲೇ ಬರೆಯಿರಿ, ಮಲಯಾಳ ಅಥವಾ ಇಂಗ್ಲಿಷ್ ಅನುವಾದವನ್ನು ಲಗತ್ತಿಸಿ. ಭಯವನ್ನೂ ಸಿಟ್ಟನ್ನೂ ಸರಿಯಾಗಿ ಹೇಳಲು ಬರುವುದು ತಾಯಿಮಾತಿನಲ್ಲಿ. ವಿಚಾರಣೆಯಲ್ಲಿ ದಾಖಲಾದ ನಿಮ್ಮ ಹೇಳಿಕೆಯನ್ನು ಪೂರ್ತಿ ಓದಿ, ಅಥವಾ ಓದಿಸಿ ಕೇಳಿ ಅರ್ಥವಾದ ಮೇಲೆಯೇ ಸಹಿ ಹಾಕಿ. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಅದು ನಡೆಯುವಾಗ ನೀವು ಕೇಳಿದರೆ ಅವರನ್ನೋ ನಿಮ್ಮನ್ನೋ ಬೇರೆಡೆಗೆ ವರ್ಗಾಯಿಸಲು, ನಿಮಗೆ ಮೂರು ತಿಂಗಳವರೆಗೆ ರಜೆ ಕೊಡಲು ಸಮಿತಿ ಶಿಫಾರಸು ಮಾಡಬಹುದು. ಕೂತು ಮಾತನಾಡಿ ಮುಗಿಸೋಣ ಎಂದು ಯಾರಾದರೂ ಒತ್ತಾಯಿಸಿದರೆ ತಿಳಿದಿರಲಿ: ರಾಜಿಯ ದಾರಿ ತೆರೆಯುವುದು ನೀವು ಕೇಳಿಕೊಂಡರೆ ಮಾತ್ರ, ಅದಕ್ಕೆ ಹಣ ಆಧಾರವಾಗಕೂಡದು. ದೂರು ಕೊಟ್ಟವರ ಗುರುತನ್ನು ಬಹಿರಂಗಪಡಿಸುವಂತಿಲ್ಲ.

ಮೊದಲ ಕೆಲಸವನ್ನು ಇಂದೇ ಮಾಡಿ. ಆ ಸಂದೇಶಗಳ ಚಿತ್ರ ತೆಗೆದು ದಿನಾಂಕ, ಸಮಯ ಕಾಣುವಂತೆ ಎರಡು ಕಡೆ ಉಳಿಸಿಡಿ. ಯಾವುದನ್ನೂ ಅಳಿಸಬೇಡಿ, ನೀವು ‘ಬೇಡ’ ಎಂದು ಕಳುಹಿಸಿದ ಉತ್ತರವನ್ನಂತೂ ಅಳಿಸಲೇಬೇಡಿ. ಕೊನೆಯ ಘಟನೆಯಿಂದ ಮೂರು ತಿಂಗಳೊಳಗೆ ದೂರು ಸಲ್ಲಬೇಕು. ಸಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು, ಆದರೆ ಅದನ್ನು ನಂಬಿ ಕೂರಬೇಡಿ. ಆಮೇಲೆ ಉಳಿದ ಮೂವರು ಹೆಂಗಸರೊಡನೆ ಒಮ್ಮೆ ಊಟಕ್ಕೆ ಕುಳಿತು ಕೇಳಿ, ಅವರಿಗೂ ಇಂಥ ಸಂದೇಶ ಬಂದಿದೆಯೇ ಎಂದು.

ಸಾಕ್ಷಿಗಳ ಹೆಸರು ಬರೆಯುವ ಜಾಗಕ್ಕೆ ಬಂದಾಗ, ಆ ದಿನ ಗದರಿ ಎದ್ದುಹೋದ ಹಿರಿಯರನ್ನು ನೆನಪು ಮಾಡಿಕೊಳ್ಳಿ. ಅವರು ಮಲಯಾಳದಲ್ಲಿ ಏನು ಹೇಳಿದರು ಎಂದು ನೀವು ಇದುವರೆಗೆ ಅವರನ್ನು ಕೇಳಿಲ್ಲ. ನಾಳೆ ಬೆಳಿಗ್ಗೆ ಅವರ ಮೇಜಿನ ಬಳಿ ಹೋಗಿ, ಎದೆಯ ಮೇಲೆ ಕೈಯಿಟ್ಟು ನಮಸ್ಕರಿಸಿ, ಕೇಳಿ.